ಬಸ್ಸೋ, ರೈಲೋ, ಕಾರೋ: ದೂರದ ಊರಿಗೆ ಹೊರಟವರ ಸಾರಿಗೆ ಆಯ್ಕೆಗೆ ಮಾದರಿ ಕಟ್ಟುವ ಸಮಗ್ರ ಮಾರ್ಗದರ್ಶಿ

"ಟಿಕೆಟ್ ದರ ಏರಿದಷ್ಟೂ ಬಸ್ ಹತ್ತುವವರು ಹೆಚ್ಚುತ್ತಾರೆ ಎಂದು ನನ್ನ ಮಾದರಿ ಹೇಳುತ್ತಿದೆ. ಎಲ್ಲಿ ತಪ್ಪಿದೆ?" ಬಳ್ಳಾರಿ, ರಾಯಚೂರು, ಕೊಪ್ಪಳದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅವರು ತಂತ್ರಾಂಶ ಬದಲಿಸಿ ನೋಡಿರುತ್ತಾರೆ, ಸರಳ ಲಾಜಿಟ್ (ಪ್ರತಿ ಆಯ್ಕೆಯ ಸಂಭವನೀಯತೆ ಲೆಕ್ಕಹಾಕುವ ಮೂಲ ಮಾದರಿ) ಬಿಟ್ಟು ಇನ್ನೂ ಕ್ಲಿಷ್ಟವಾದ ಮಾದರಿಗೆ ಹೋಗಿರುತ್ತಾರೆ. ಆದರೂ ವೆಚ್ಚದ ಗುಣಾಂಕ, ಅಂದರೆ ವೆಚ್ಚ ಏರಿದಾಗ ಆಯ್ಕೆ ಹೆಚ್ಚುತ್ತದೋ ತಗ್ಗುತ್ತದೋ ಎಂದು ಹೇಳುವ ಸಂಖ್ಯೆ, ಧನಾತ್ಮಕವಾಗಿಯೇ ಉಳಿದಿರುತ್ತದೆ. ತಪ್ಪು ಇರುವುದು ಲೆಕ್ಕಕ್ಕೆ ಕೊಟ್ಟ ಕೋಷ್ಟಕದಲ್ಲಿ. ಪ್ರಯಾಣಿಕರಿಗೆ ತೆರೆದೇ ಇರದ ದಾರಿಯನ್ನು ಇದೆ ಎಂದು ಬರೆದಿರುತ್ತಾರೆ. ಅವರು ಕೊಡದ ಹಣವನ್ನು ಕೊಟ್ಟರೆಂದು ಬರೆದಿರುತ್ತಾರೆ.

ಹಾಗಾಗಿ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಮೊದಲ ಐದು ಹಂತಗಳಲ್ಲಿ ಮಾದರಿಯನ್ನು ಓಡಿಸುವ ಮಾತೇ ಇಲ್ಲ, ಕೆಲಸದ ಬಹುಪಾಲು ಮುಗಿಯುವುದು ಮಾತ್ರ ಅಲ್ಲಿಯೇ.

## ಏನೇನು ಬೇಕು

ಸಮೀಕ್ಷೆಗೆ ಮೊಬೈಲಿನಲ್ಲಿ ತುಂಬುವ ನಮೂನೆ (ಉಚಿತವಾಗಿ ಸಿಗುವ ಕೋಬೋ ಟೂಲ್‌ಬಾಕ್ಸ್ ಸಾಕು), ಒಂದು ಸ್ಪ್ರೆಡ್‌ಶೀಟ್, ಬಸ್ ಮತ್ತು ರೈಲುಗಳ ವೇಳಾಪಟ್ಟಿ, ದರಪಟ್ಟಿ, ತಾಲ್ಲೂಕಿನ ರಸ್ತೆ ನಕ್ಷೆ. ಲೆಕ್ಕಕ್ಕೆ ಆರ್ ಭಾಷೆಯಲ್ಲಿ ಓಡುವ ಅಪೊಲೊ, ಇಲ್ಲವೇ ಪೈಥಾನ್‌ನಲ್ಲಿ ಓಡುವ ಬಯೋಜೀಮ್. ಎರಡೂ ಉಚಿತ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಅದರಲ್ಲಿಯೇ ಇರಿ.

## ಹಂತ 1: ಒಂದೇ ಊರುಜೋಡಿಗೆ ಅಂಟಿಕೊಳ್ಳಬೇಡಿ

ಹೆಚ್ಚಿನ ವರದಿಗಳು ಬಳ್ಳಾರಿ–ಬೆಂಗಳೂರು ಎಂಬ ಒಂದೇ ಮಾರ್ಗವನ್ನು ತೆಗೆದುಕೊಳ್ಳುತ್ತವೆ. ಮುಂದಿನ ಕಷ್ಟದ ಬೀಜ ಇಲ್ಲಿಯೇ ಬೀಳುತ್ತದೆ. ಕೋಷ್ಟಕದಲ್ಲಿ ರೈಲಿನ ಸಮಯ ಎಲ್ಲರಿಗೂ ಒಂದೇ, ಬಸ್ಸಿನದೂ ಒಂದೇ, ಕಾರಿನದೂ ಒಂದೇ. ಆಗ ಜನ ರೈಲನ್ನು ಬಿಟ್ಟದ್ದು ಅದು ನಿಧಾನವೆಂದೋ, ಅಥವಾ ರೈಲು ಎಂಬುದರಲ್ಲಿಯೇ ಅವರಿಗೆ ಹಿಡಿಸದ ಬೇರೇನೋ ಇದೆಯೆಂದೋ ಹೇಳಲು ಗಣಿತಕ್ಕೆ ದಾರಿಯೇ ಇರುವುದಿಲ್ಲ. ಸಮಯದ ಗುಣಾಂಕವೂ ಆಯಾ ಸಾಧನದ (ಬಸ್, ರೈಲು, ಕಾರು) ಸ್ಥಿರಾಂಕವೂ, ಅಂದರೆ ಸಮಯ, ದರ ಬಿಟ್ಟು ಉಳಿದ ಒಲವನ್ನು ಹಿಡಿಯುವ ಸಂಖ್ಯೆಯೂ, ಒಂದರೊಳಗೊಂದು ಬೆರೆತುಹೋಗುತ್ತವೆ. ತಂತ್ರಾಂಶ ಹೇಗೋ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ. ಆ ಸಂಖ್ಯೆಗೆ ಅರ್ಥವಿರುವುದಿಲ್ಲ.

ದೂರ, ವೇಗ, ದರ ಬೇರೆ ಬೇರೆ ಇರುವ ಕೆಲವು ಜೋಡಿಗಳನ್ನು ಸೇರಿಸಿಕೊಳ್ಳಿ. ಬಳ್ಳಾರಿ–ಬೆಂಗಳೂರು ಸುಮಾರು 310 ಕಿಲೋಮೀಟರ್, ರಾತ್ರಿ ಪ್ರಯಾಣವೇ ಹೆಚ್ಚು. ಕೊಪ್ಪಳ–ಹುಬ್ಬಳ್ಳಿ ಹಗಲಿನಲ್ಲಿ ಹೋಗಿ ಬರುವ ದಾರಿ. ರಾಯಚೂರು–ಹೈದರಾಬಾದ್ ರಾಜ್ಯದ ಗಡಿ ದಾಟುತ್ತದೆ. ಅದು ಎಷ್ಟು ಬೆಲೆಬಾಳುವ ಜೋಡಿ ಎಂಬುದು ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ. ರಾಯಚೂರು–ಬಳ್ಳಾರಿ ಸೇರಿಸಿದರೆ ಗುಂತಕಲ್‌ನಲ್ಲಿ ರೈಲು ಬದಲಿಸುವವರೂ ಸಿಗುತ್ತಾರೆ.

ಮಾದರಿ ಯಾವ ನಿರ್ಧಾರಕ್ಕೆ ಬೇಕು ಎಂಬುದನ್ನು ಈಗಲೇ ಒಂದು ವಾಕ್ಯದಲ್ಲಿ ಬರೆದಿಡಿ. "ಸಿಂಧನೂರು–ರಾಯಚೂರು ನಡುವೆ ರೈಲು ಓಡತೊಡಗಿದರೆ ಬಸ್ಸಿನಿಂದ ಎಷ್ಟು ಜನ ಅದಕ್ಕೆ ಬರುತ್ತಾರೆ?" ಎನ್ನುವುದು ಮಾದರಿ ಉತ್ತರಿಸಬಲ್ಲ ಪ್ರಶ್ನೆ. "ಜನರ ಸಾರಿಗೆ ಆಯ್ಕೆಯ ಅಧ್ಯಯನ" ಎಂಬುದು ಪ್ರಶ್ನೆಯೇ ಅಲ್ಲ.

## ಹಂತ 2: ಯಾರಿಗೆ ಯಾವ ದಾರಿ ತೆರೆದಿದೆ ಎಂದು ಒಬ್ಬೊಬ್ಬರಿಗೂ ಬರೆಯಿರಿ

ಲಾಜಿಟ್ ಮಾದರಿ ಹೇಳುವುದು ಇಷ್ಟೇ: ಒಂದು ಸಾಧನವನ್ನು ಆರಿಸುವ ಸಂಭವನೀಯತೆ ಎಂದರೆ ಆ ಸಾಧನದ ತುಷ್ಟಿಗುಣದ (ಸಮಯ, ವೆಚ್ಚಗಳನ್ನು ಅವುಗಳ ಗುಣಾಂಕಗಳಿಂದ ಗುಣಿಸಿ ಸ್ಥಿರಾಂಕದೊಂದಿಗೆ ಕೂಡಿದ ಒಟ್ಟು ಅಂಕದ) ಎಕ್ಸ್‌ಪೊನೆನ್ಶಿಯಲ್ ಬೆಲೆಯನ್ನು, ಆ ವ್ಯಕ್ತಿಗೆ ಲಭ್ಯವಿರುವ ಎಲ್ಲ ಸಾಧನಗಳ ಅದೇ ಬೆಲೆಗಳ ಮೊತ್ತದಿಂದ ಭಾಗಿಸಿದ್ದು. ಈ ವಾಕ್ಯದಲ್ಲಿ "ಲಭ್ಯವಿರುವ" ಎಂಬುದನ್ನೇ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಪ್ರತಿ ವ್ಯಕ್ತಿಗೂ ಪ್ರತಿ ಸಾಧನದ ಎದುರು 1 ಅಥವಾ 0 ಎಂದು ಬರೆಯುವ ಒಂದು ಕಾಲಂ ನಿಮ್ಮ ಕೋಷ್ಟಕದಲ್ಲಿ ಇರಲೇಬೇಕು.

ಕಾರು: ಮನೆಯಲ್ಲಿ ಕಾರಿದ್ದರೆ ಸಾಲದು, ಆ ದಿನ ಅದು ಸಿಗುವಂತಿದ್ದು ಓಡಿಸುವವರೂ ಇರಬೇಕು. ಕ್ರೂಸರ್ ಅಥವಾ ಟೆಂಪೋ ಬಾಡಿಗೆಗೆ ಹಿಡಿಯುವುದನ್ನು ಬೇರೆಯೇ ಸಾಧನವಾಗಿ ಎಣಿಸಿ. ಗುಳೆ ಹೊರಟ ಕುಟುಂಬಗಳು ಪಾತ್ರೆ, ಹಾಸಿಗೆ, ಮಕ್ಕಳೊಂದಿಗೆ ಗುಂಪಾಗಿ ಹೋಗುವಾಗ ಅವರ ಎದುರು ಇರುವ ಆಯ್ಕೆಗಳು, ಕಚೇರಿ ಕೆಲಸಕ್ಕೆ ಒಬ್ಬರೇ ಹೋಗುವವರ ಆಯ್ಕೆಗಳಿಗಿಂತ ಪೂರ್ತಿ ಬೇರೆ. ಇವರನ್ನೆಲ್ಲ ಒಂದೇ ಸಾಲಿಗೆ ಹಾಕಿದರೆ ಬಡವರ ಅನಿವಾರ್ಯತೆ ಮಾದರಿಯಲ್ಲಿ "ಇಷ್ಟ"ವಾಗಿ ಕಾಣಿಸಿಕೊಳ್ಳುತ್ತದೆ. ಇದು ತಾಂತ್ರಿಕ ದೋಷಕ್ಕಿಂತ ದೊಡ್ಡ ತಪ್ಪು ಎಂದೇ ನನ್ನ ಭಾವನೆ. ಅಂತಹ ವರದಿಯನ್ನು ಓದಿದವರು "ಅವರಿಗೆ ಅದೇ ಸಾಕಂತೆ" ಎಂದು ಸೌಕರ್ಯವನ್ನೇ ಕೈಬಿಡಬಹುದು.

ರೈಲು: ನಿಲ್ದಾಣ ಇದ್ದ ಮಾತ್ರಕ್ಕೆ ರೈಲು ಲಭ್ಯ ಎನ್ನಲಾಗದು. ಕಾಯ್ದಿರಿಸುವಿಕೆ ಈಗ 60 ದಿನ ಮುಂಚೆ ತೆರೆಯುತ್ತದೆ. ಆಸ್ಪತ್ರೆಗೆಂದು ಹಿಂದಿನ ದಿನ ಹೊರಡಲು ತೀರ್ಮಾನಿಸಿದವರಿಗೆ ಸ್ಲೀಪರ್‌ನಲ್ಲಿ ವೇಟಿಂಗ್ ಲಿಸ್ಟ್ ಮಾತ್ರ ಸಿಕ್ಕಿದ್ದರೆ, ಅವರಿಗೆ ಮಲಗಿ ಹೋಗುವ ರೈಲು ಲಭ್ಯವಿರಲಿಲ್ಲ; ಜನರಲ್ ಬೋಗಿ ಮಾತ್ರ ಇತ್ತು. ಈ ಎರಡನ್ನೂ ಪ್ರತ್ಯೇಕ ಸಾಧನಗಳಾಗಿಯೇ ಇಡಿ. "ಎಷ್ಟು ದಿನ ಮೊದಲು ಹೊರಡುವುದು ಗೊತ್ತಾಯಿತು?" ಎಂಬ ಒಂದು ಪ್ರಶ್ನೆ ಸಮೀಕ್ಷೆಯಲ್ಲಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ವಿಮಾನ: ತೋರಣಗಲ್ಲು ಬಳಿಯ ವಿದ್ಯಾನಗರ ವಿಮಾನ ನಿಲ್ದಾಣವನ್ನು ಲೆಕ್ಕಕ್ಕೆ ಹಿಡಿಯುವ ಮುನ್ನ, ಸಮೀಕ್ಷೆಯ ವಾರದಲ್ಲಿ ನಿಗದಿತ ಸೇವೆ ಯಾವ ದಿನಗಳಲ್ಲಿ ಇತ್ತು ಎಂಬುದನ್ನು ವೇಳಾಪಟ್ಟಿಯಿಂದ ಬರೆದುಕೊಳ್ಳಿ. ಸೇವೆ ಇಲ್ಲದ ದಿನ ಹೊರಟವರಿಗೆ 0.

## ಹಂತ 3: ಸಮಯವನ್ನು ಮನೆಯಿಂದ ಮನೆಗೆ ಅಳೆಯಿರಿ

ರೈಲು ನಿಲ್ದಾಣವಿಲ್ಲದ ದೇವದುರ್ಗದಿಂದ ಹೊರಟವರ ರೈಲು ಪ್ರಯಾಣ ಶುರುವಾಗುವುದು ರಾಯಚೂರಿನ ಪ್ಲಾಟ್‌ಫಾರ್ಮಿನಲ್ಲಿ ಅಲ್ಲ; ದೇವದುರ್ಗದ ಬಸ್ ನಿಲ್ದಾಣಕ್ಕೆ ಹೋಗಲು ಮನೆ ಮುಂದೆ ಟಂಟಂ ಹತ್ತಿದಾಗ. ಪ್ರತಿ ಸಾಧನಕ್ಕೂ ಈ ಕಾಲಂಗಳನ್ನು ಬೇರೆ ಬೇರೆಯಾಗಿ ಇಡಿ: ನಿಲ್ದಾಣ ತಲುಪುವ ಸಮಯ, ಕಾಯುವ ಸಮಯ, ವಾಹನದೊಳಗಿನ ಸಮಯ, ಬದಲಾವಣೆಗಳ ಸಂಖ್ಯೆ, ಇಳಿದ ಮೇಲೆ ಕೊನೆಯ ಸ್ಥಳ ಸೇರುವ ಸಮಯ. ಕಾಯುವ ಅರ್ಧ ಗಂಟೆ ಮತ್ತು ಸೀಟಿನಲ್ಲಿ ಕುಳಿತ ಅರ್ಧ ಗಂಟೆ ಜನರಿಗೆ ಒಂದೇ ಅಲ್ಲ, ಆದ್ದರಿಂದ ಎಲ್ಲವನ್ನೂ ಕೂಡಿ ಒಂದೇ ಅಂಕಿ ಮಾಡಬೇಡಿ. ಒಂದನೆಯ ಹಂತದಲ್ಲಿ ಹೇಳಿದ ತೊಂದರೆಗೂ ಇಲ್ಲಿಯೇ ಪರಿಹಾರವಿದೆ. ಸಿರುಗುಪ್ಪದವರಿಗೂ ಬಳ್ಳಾರಿ ನಗರದವರಿಗೂ ನಿಲ್ದಾಣ ತಲುಪುವ ಸಮಯ ಬೇರೆಯಾದ್ದರಿಂದ ಒಂದೇ ಮಾರ್ಗದಲ್ಲೂ ಅಂಕಿಗಳು ಬೇರೆಯಾಗುತ್ತವೆ.

ದೂರದ ಪ್ರಯಾಣದಲ್ಲಿ ಇನ್ನೊಂದು ವಿಷಯವಿದೆ. ಬೆಳಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಇರಬೇಕಾದವರಿಗೆ ರಾತ್ರಿ ಹೊರಟು ನಸುಕಿನಲ್ಲಿ ತಲುಪುವ ರೈಲು ಅನುಕೂಲ. ಅದೇ ದಿನ ಮಧ್ಯಾಹ್ನ ಹೊರಡಬೇಕಾದವರಿಗೆ ಆ ರೈಲು ಗಂಟೆಗಟ್ಟಲೆ ದೂರ. ಅವರು ಹೊರಡಬಯಸಿದ ಹೊತ್ತಿಗೂ ಸೇವೆಯ ಹೊತ್ತಿಗೂ ಇರುವ ಅಂತರವನ್ನು ಒಂದು ಚರವಾಗಿ (ಮಾದರಿಗೆ ಹೋಗುವ ಇನ್ನೊಂದು ಕಾಲಂ ಆಗಿ) ಸೇರಿಸಿ. ಇದನ್ನು ಬಿಟ್ಟವರ ಮಾದರಿಯಲ್ಲಿ ರೈಲಿನ ಸ್ಥಿರಾಂಕ ವಿಪರೀತ ಋಣಾತ್ಮಕವಾಗುತ್ತದೆ, ಆಮೇಲೆ ವರದಿಯಲ್ಲಿ "ಈ ಭಾಗದ ಜನರಿಗೆ ರೈಲಿನ ಬಗ್ಗೆ ಒಲವಿಲ್ಲ" ಎಂಬ ಅನ್ಯಾಯದ ಮಾತು ಬಂದುಬಿಡುತ್ತದೆ.

ಎಚ್ಚರಿಕೆ: ಆರಿಸಿದ ಸಾಧನಕ್ಕೆ ಪ್ರಯಾಣಿಕರು ಬಾಯಲ್ಲಿ ಹೇಳಿದ ಸಮಯ, ಆರಿಸದ ಸಾಧನಗಳಿಗೆ ವೇಳಾಪಟ್ಟಿಯ ಸಮಯ – ಹೀಗೆ ಎರಡು ಅಳತೆಗೋಲು ಬೇಡ. ಜನ ತಾವು ಬಂದ ದಾರಿಯ ಸಮಯವನ್ನು ತಮಗೆ ಬೇಕಾದಂತೆ ಕಡಿಮೆಯೋ ಹೆಚ್ಚೋ ಹೇಳುತ್ತಾರೆ. ಎಲ್ಲ ಸಾಧನಗಳಿಗೂ ಒಂದೇ ಮೂಲದಿಂದ ಅಂಕಿ ತೆಗೆಯಿರಿ. ಬಾಯಲ್ಲಿ ಹೇಳಿದ್ದನ್ನು ಪರಿಶೀಲನೆಗೆ ಮಾತ್ರ ಇಟ್ಟುಕೊಳ್ಳಿ.

## ಹಂತ 4: ಜೇಬಿನಿಂದ ನಿಜಕ್ಕೂ ಹೋದ ಹಣ

ಧನಾತ್ಮಕ ಗುಣಾಂಕದ ಮೂಲ ಬಹುತೇಕ ಇಲ್ಲಿಯೇ ಸಿಗುತ್ತದೆ, ನಿಧಾನವಾಗಿ ಓದಿ.

ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಮತ್ತು ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಅದು ಅನ್ವಯಿಸದು. ಆದರೂ ಕೋಷ್ಟಕ ತುಂಬುವವರು ಕಲ್ಯಾಣ ಕರ್ನಾಟಕ ಸಾರಿಗೆಯ ದರಪಟ್ಟಿಯಲ್ಲಿ ಇರುವ ಮೊತ್ತವನ್ನೇ ಎಲ್ಲರ ಎದುರೂ ಬರೆಯುತ್ತಾರೆ. ಕಾಗದದ ಮೇಲೆ ಬಸ್ಸು ರೈಲಿನ ಸಾಮಾನ್ಯ ದರ್ಜೆಗಿಂತ ದುಬಾರಿ. ಆದರೆ ಸಾಲು ಸಾಲಾಗಿ ಮಹಿಳೆಯರು ಬಸ್ಸನ್ನೇ ಆರಿಸಿದ್ದಾರೆ. ಮಾದರಿ ಏನು ಕಲಿಯಬೇಕು? ದುಬಾರಿಯಾದದ್ದನ್ನೇ ಜನ ಇಷ್ಟಪಡುತ್ತಾರೆ ಎಂದು. ಅದು ತನಗೆ ಕೊಟ್ಟ ಅಂಕಿಗಳಿಗೆ ನಿಷ್ಠವಾಗಿಯೇ ಇದೆ.

ಸರಿಪಡಿಸುವ ಕ್ರಮ ಹೀಗಿದೆ. ವೆಚ್ಚದ ಕಾಲಂ ಅನ್ನು ಸಾಧನಕ್ಕೊಂದು ಎಂದು ಇಡದೆ, ವ್ಯಕ್ತಿ ಮತ್ತು ಸಾಧನ ಎರಡಕ್ಕೂ ಸೇರಿಸಿ ತುಂಬಿ. ಮಹಿಳೆಗೆ ಎಕ್ಸ್‌ಪ್ರೆಸ್ ಬಸ್ಸಿನ ದರ 0, ಸರ್ಕಾರಿ ಸ್ಲೀಪರ್‌ಗೆ ಪೂರ್ತಿ ದರ, ಖಾಸಗಿ ಸ್ಲೀಪರ್‌ಗೆ ಆ ದಿನ ಕೊಟ್ಟ ದರ. ಹೀಗೆ ಮಾಡಿದ ಮೇಲೆ ವೆಚ್ಚದ ಲಾಗರಿದಮ್ ತೆಗೆಯುವ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಸೊನ್ನೆಗೆ ಲಾಗರಿದಮ್ ಇಲ್ಲ. 0ಯ ಜಾಗದಲ್ಲಿ 1 ರೂಪಾಯಿ ಇಟ್ಟು ದಾಟಿಕೊಳ್ಳುವವರಿದ್ದಾರೆ. 1 ಮತ್ತು 10 ರೂಪಾಯಿಯ ನಡುವಿನ ಲಾಗರಿದಮ್ ಅಂತರವೂ 50 ಮತ್ತು 500ರ ನಡುವಿನದೂ ಒಂದೇ ಆಗಿಬಿಡುವುದರಿಂದ ಅದು ಕೆಟ್ಟ ಉಪಾಯ. ವೆಚ್ಚವನ್ನು ನೇರ ರೂಪಾಯಿಯಲ್ಲಿಯೇ ಇಡಿ.

ಇಲ್ಲಿಗೇ ಮುಗಿಯುವುದಿಲ್ಲ. ರಾಜ್ಯದೊಳಗಿನ ಮಾರ್ಗಗಳನ್ನು ಮಾತ್ರ ತೆಗೆದುಕೊಂಡರೆ "ಮಹಿಳೆ" ಎಂಬುದೂ "ಎಕ್ಸ್‌ಪ್ರೆಸ್ ಬಸ್ ಉಚಿತ" ಎಂಬುದೂ ಒಂದೇ ಚರವಾಗಿ ಹೋಗುತ್ತವೆ. ಮಹಿಳೆಯರು ಸುರಕ್ಷತೆಗಾಗಿಯೋ ಊರೊಳಗೇ ನಿಲ್ಲುತ್ತದೆಂಬ ಅನುಕೂಲಕ್ಕಾಗಿಯೋ ಬಸ್ ಹಿಡಿದರೋ, ಉಚಿತವೆಂದು ಹಿಡಿದರೋ ಬಿಡಿಸಿ ನೋಡಲಾಗದು. ರಾಯಚೂರು ಈ ವಿಷಯದಲ್ಲಿ ನಮಗೆ ದೊಡ್ಡ ಸಹಾಯ ಮಾಡುತ್ತದೆ. ಅದೇ ಊರಿನ ಮಹಿಳೆ ಸಿಂಧನೂರಿನ ಕಡೆ ಹೊರಟರೆ ಟಿಕೆಟ್ ಉಚಿತ, ಹೈದರಾಬಾದಿನ ಕಡೆ ಹೊರಟರೆ ಹಣ ಕೊಡಬೇಕು. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಗಡಿಯ ಈಚೆಗೆ ಮತ್ತು ಆಚೆಗೆ ಹೋಗುವ ಎರಡೂ ಬಗೆಯ ಪ್ರಯಾಣಗಳು ಸ್ಯಾಂಪಲ್‌ನಲ್ಲಿದ್ದರೆ ದರದ ಪ್ರಭಾವವನ್ನೂ ಉಳಿದ ಕಾರಣಗಳನ್ನೂ ಬೇರ್ಪಡಿಸಬಹುದು. ಬೆಂಗಳೂರಿನಲ್ಲಿ ಕುಳಿತು ಇಂಥ ಅಧ್ಯಯನ ಮಾಡುವವರಿಗೆ ಇಷ್ಟು ಸುಲಭವಾಗಿ ಸಿಗದ ಅವಕಾಶ ಇದು.

ಕುಟುಂಬವಾಗಿ ಹೋಗುವವರ ವೆಚ್ಚವನ್ನು ಇಡೀ ಗುಂಪಿಗೆ ಲೆಕ್ಕಹಾಕಿ. ಗಂಡನಿಗೆ ಟಿಕೆಟ್, ಹೆಂಡತಿಗೆ ಉಚಿತ, ಮಕ್ಕಳಿಗೆ ವಯಸ್ಸಿನಂತೆ. ಕಾರಿಗೆ ಬಳ್ಳಾರಿ–ಬೆಂಗಳೂರು ದಾರಿಯಲ್ಲಿ 20 ಲೀಟರ್ ಇಂಧನ ಬೇಕು, ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ 2000 ರೂಪಾಯಿ. ಒಬ್ಬರೇ ಹೋದರೆ ತಲೆಗೆ 2000, ನಾಲ್ವರು ಹೋದರೆ 500. ಗುಂಪಿನ ಗಾತ್ರ ಕೇಳದ ಸಮೀಕ್ಷೆಯಿಂದ ಕಾರಿನ ವೆಚ್ಚ ಎಂದಿಗೂ ಸರಿಬಾರದು. ಟೋಲ್ ಸೇರಿಸಿ; ಸವಕಳಿ, ವಿಮೆ ಬೇಡ. ಹೊರಡುವಾಗ ಯಾರೂ ಅವನ್ನು ಎಣಿಸುವುದಿಲ್ಲ.

## ಹಂತ 5: ಸಮೀಕ್ಷೆ ಮತ್ತು ಅದರ ಓರೆ

ಬಸ್ ನಿಲ್ದಾಣದಲ್ಲಿ ನಿಂತು ಕೇಳಿದರೆ ಬಸ್ಸಿನವರೇ ಸಿಗುತ್ತಾರೆ. ಹಾಗೆಂದು ಅಲ್ಲಿ ಕೇಳಲೇಬಾರದು ಎಂದಲ್ಲ. ರೈಲು, ಕಾರಿನವರು ಮನೆ ಮನೆ ಸಮೀಕ್ಷೆಯಲ್ಲಿ ಬೆರಳೆಣಿಕೆಯಷ್ಟು ಸಿಗುವುದರಿಂದ ನಿಲ್ದಾಣಗಳಲ್ಲಿ, ಹೆದ್ದಾರಿಯ ಹೋಟೆಲುಗಳಲ್ಲಿ, ಅನುಮತಿ ಪಡೆದು ಹಿಟ್ನಾಳದಂತಹ ಟೋಲ್‌ಗಳ ಬಳಿ ಕೇಳುವುದೇ ಸರಿ. ಆದರೆ ನಿಜವಾದ ಪಾಲು ಎಷ್ಟು ಎಂಬುದನ್ನು ಬೇರೆ ಎಣಿಕೆಯಿಂದ ತಿಳಿದುಕೊಂಡು ಸ್ಥಿರಾಂಕಗಳನ್ನು ತಿದ್ದಬೇಕು.

ಉದಾಹರಣೆಗೆ ಸ್ಯಾಂಪಲ್‌ನಲ್ಲಿ ಬಸ್ 50, ರೈಲು 40, ಕಾರು 10 ಶೇಕಡಾ. ನಿಜದಲ್ಲಿ ಬಸ್ 60, ರೈಲು 20, ಕಾರು 20 ಎನ್ನೋಣ. ಪ್ರತಿ ಸಾಧನಕ್ಕೂ ಸ್ಯಾಂಪಲ್ ಪಾಲನ್ನು ನಿಜವಾದ ಪಾಲಿನಿಂದ ಭಾಗಿಸಿ, ಸ್ವಾಭಾವಿಕ ಲಾಗರಿದಮ್ ತೆಗೆದು, ಅದನ್ನು ಸ್ಥಿರಾಂಕದಿಂದ ಕಳೆಯಿರಿ. ರೈಲಿಗೆ 0.693, ಬಸ್ಸಿಗೆ ಋಣ 0.182, ಕಾರಿಗೆ ಋಣ 0.693. ಕಾರನ್ನು ಆಧಾರವಾಗಿ (ಅದರ ಸ್ಥಿರಾಂಕ 0 ಎಂದು) ಇಟ್ಟಿದ್ದರೆ ರೈಲಿನ ಸ್ಥಿರಾಂಕದಿಂದ ಕಳೆಯಬೇಕಾದದ್ದು 1.386, ಬಸ್ಸಿನದರಿಂದ 0.511. ಆಧಾರ ಸಾಧನದ್ದು ಬಿಟ್ಟು ಉಳಿದ ಎಲ್ಲ ಸ್ಥಿರಾಂಕಗಳೂ ಇರುವ ಸರಳ ಲಾಜಿಟ್‌ಗೆ ಇಷ್ಟು ಸಾಕು. ಒಂದೇ ಬಗೆಯ ಸಾಧನಗಳನ್ನು ಗುಂಪು ಮಾಡುವ ನೆಸ್ಟೆಡ್ ಮಾದರಿಗೆ (ಎಂಟನೆಯ ಹಂತ ನೋಡಿ) ಸಾಲದು, ಅಲ್ಲಿ ಅಂದಾಜಿಸುವಾಗಲೇ ಪ್ರತಿ ಸಾಲಿಗೂ ತೂಕ ಕೊಡಬೇಕು.

ಯುಗಾದಿ, ದೀಪಾವಳಿಯ ವಾರಗಳಲ್ಲಿ ಮಾಡಿದ ಸಮೀಕ್ಷೆಯನ್ನು ವರ್ಷವಿಡೀ ನಡೆಯುವ ಪ್ರಯಾಣದ ಚಿತ್ರವೆಂದು ಬಳಸಬೇಡಿ. ರಾಯಚೂರಿನಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವವರು ತಂಡದಲ್ಲಿರಲಿ. "ರೈಲಿನಲ್ಲಿ ಏಕೆ ಹೋಗಲಿಲ್ಲ?" ಎಂದು ಕೇಳಿದರೆ ಜನ ಸಮರ್ಥನೆ ಹುಡುಕುತ್ತಾರೆ. "ಈ ಬಸ್ ಸಿಗದಿದ್ದರೆ ಹೇಗೆ ಹೋಗುತ್ತಿದ್ದಿರಿ?" ಎಂದು ಕೇಳಿ, ಲಭ್ಯತೆಯ ಕಾಲಂ ತಾನಾಗಿ ತುಂಬುತ್ತದೆ.

## ಹಂತ 6: ಮೊದಲು ಸ್ಥಿರಾಂಕಗಳು ಮಾತ್ರ, ಆಮೇಲೆ ಒಂದೊಂದೇ ಚರ

ಮೊದಲ ಓಟದಲ್ಲಿ ಸ್ಥಿರಾಂಕಗಳನ್ನು ಮಾತ್ರ ಇಡಿ. ಒಂದು ಸಾಧನವನ್ನು ಆಧಾರವಾಗಿ ಇಟ್ಟು ಅದರ ಸ್ಥಿರಾಂಕವನ್ನು 0 ಮಾಡಿ. ಎಲ್ಲಕ್ಕೂ ಸ್ಥಿರಾಂಕ ಕೊಟ್ಟರೆ ಅಂದಾಜು ಒಂದೇ ಉತ್ತರಕ್ಕೆ ಬಂದು ನಿಲ್ಲುವುದಿಲ್ಲ. ನಂತರ ವೆಚ್ಚ, ಆಮೇಲೆ ವಾಹನದೊಳಗಿನ ಸಮಯ, ನಂತರ ಉಳಿದವು. ವಯಸ್ಸು, ಆದಾಯದಂತಹ ವ್ಯಕ್ತಿಯ ಗುಣಗಳು ಎಲ್ಲ ಸಾಧನಗಳಿಗೂ ಒಂದೇ ಆಗಿರುವುದರಿಂದ ಅವನ್ನು ಎಲ್ಲದಕ್ಕೂ ಒಂದೇ ಗುಣಾಂಕದೊಂದಿಗೆ ಹಾಕಲಾಗದು. ಒಂದೆರಡು ಸಾಧನಗಳಿಗೆ ಮಾತ್ರ ಹಾಕಿ, ಅಥವಾ ವೆಚ್ಚದೊಂದಿಗೆ ಗುಣಿಸಿ.

ಹೊಸ ಚರ ಸೇರಿದಾಗ ಲಾಗ್ ಲೈಕ್‌ಲಿಹುಡ್ (ಮಾದರಿ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂದು ತಂತ್ರಾಂಶ ಕೊಡುವ ಅಳತೆ) ಎಷ್ಟು ಏರಿತು ನೋಡಿ. ಏರಿಕೆಯ ಎರಡರಷ್ಟು 3.84ಕ್ಕಿಂತ ಹೆಚ್ಚಿದ್ದರೆ, ಒಂದು ಚರದ ಮಟ್ಟಿಗೆ ಶೇಕಡಾ 5ರ ಮಟ್ಟದಲ್ಲಿ ಅದು ಉಳಿಯಲು ಅರ್ಹ. ಒಮ್ಮೆಗೇ ಹದಿನೈದು ಚರ ತುರುಕಿದವರಿಗೆ ಯಾವುದು ಚಿಹ್ನೆಯನ್ನು ತಿರುಗಿಸಿತು ಎಂಬುದು ಗೊತ್ತಾಗುವುದೇ ಇಲ್ಲ.

## ಹಂತ 7: ಅಪಾಯದ ಲಕ್ಷಣಗಳನ್ನು ಓದಿ

ಸಮಯದ ಗುಣಾಂಕವನ್ನು ವೆಚ್ಚದ ಗುಣಾಂಕದಿಂದ ಭಾಗಿಸಿದರೆ ಸಮಯದ ಬೆಲೆ ಸಿಗುತ್ತದೆ. ನಿಮಿಷಕ್ಕೆ ಋಣ 0.012, ರೂಪಾಯಿಗೆ ಋಣ 0.006 ಬಂದಿದ್ದರೆ ನಿಮಿಷಕ್ಕೆ 2 ರೂಪಾಯಿ, ಗಂಟೆಗೆ 120. ಇದನ್ನು ಸ್ಯಾಂಪಲ್‌ನಲ್ಲಿರುವವರ ಗಂಟೆಯ ಗಳಿಕೆಯೊಂದಿಗೆ ಹೋಲಿಸಿ. ದಿನಗೂಲಿಯವರೇ ಹೆಚ್ಚಿರುವ ಸ್ಯಾಂಪಲ್‌ನಲ್ಲಿ ಗಂಟೆಗೆ ಸಾವಿರ ರೂಪಾಯಿ ಬಂದರೆ ವೆಚ್ಚದ ಕಾಲಂಗೆ ಹಿಂದಿರುಗಿ.

ಪ್ರಮಾಣಿತ ದೋಷಗಳು (ಗುಣಾಂಕಗಳ ಅನಿಶ್ಚಿತತೆಯ ಅಳತೆ) ವಿಪರೀತ ದೊಡ್ಡದಾಗಿದ್ದರೆ ಒಂದನೆಯ ಹಂತದ ತೊಂದರೆ ಉಳಿದಿದೆ. ಒಂದು ಸ್ಥಿರಾಂಕ ಉಳಿದೆಲ್ಲವನ್ನೂ ನುಂಗುವಷ್ಟು ದೊಡ್ಡದಾಗಿದ್ದರೆ ಲಭ್ಯತೆ ತಪ್ಪಿದೆ, ಇಲ್ಲವೇ ಮುಖ್ಯ ಚರ ಬಿಟ್ಟುಹೋಗಿದೆ. ಮಾದರಿಯ ಹೊಂದಿಕೆಯನ್ನು ಅಳೆಯುವ ಮ್ಯಾಕ್‌ಫ್ಯಾಡನ್ ರೋ-ವರ್ಗ 0.2ರಿಂದ 0.4 ಇದ್ದರೆ ಒಳ್ಳೆಯ ಹೊಂದಿಕೆ. ಅದು 0.8 ಬಂದಾಗ ಸಂಭ್ರಮಿಸುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಆರಿಸಿದ ಸಾಧನವನ್ನೇ ಬೇರೆ ಹೆಸರಿನಲ್ಲಿ ಹೇಳುವ ಕಾಲಂ ಒಂದು ಒಳಗೆ ನುಸುಳಿರುತ್ತದೆ, ಉದಾಹರಣೆಗೆ "ಸಂದರ್ಶನ ನಡೆದ ಸ್ಥಳ".

## ಹಂತ 8: ಒಂದೇ ಬಗೆಯ ಸಾಧನಗಳನ್ನು ಗುಂಪು ಮಾಡಿ

ಬಸ್ 50, ರೈಲು 30, ಕಾರು 20 ಶೇಕಡಾ ಇರುವಲ್ಲಿ, ಎಲ್ಲ ರೀತಿಯಲ್ಲೂ ಮೊದಲಿನಂಥದ್ದೇ ಇನ್ನೊಂದು ಬಸ್ ಸೇವೆ ಬಂದಿತು ಎನ್ನಿ. ಸರಳ ಲಾಜಿಟ್ ಪ್ರಕಾರ ಎರಡೂ ಬಸ್ಸುಗಳಿಗೆ ತಲಾ 33.3, ರೈಲಿಗೆ 20, ಕಾರಿಗೆ 13.3. ಬಸ್ಸಿನ ಬಣ್ಣ ಬೇರೆಯಾಯಿತೆಂದು ರೈಲಿನ ಮೂರನೇ ಒಂದು ಭಾಗ ಜನ ಇಳಿದು ಬರುತ್ತಾರೆಯೇ? ನಿಜದಲ್ಲಿ ಬಸ್ಸಿನ 50 ಮಾತ್ರ 25–25 ಆಗಿ ಒಡೆಯುತ್ತದೆ. ಬಳ್ಳಾರಿಯಿಂದ ರಾತ್ರಿ ಹೊರಡುವ ಸರ್ಕಾರಿ ಸ್ಲೀಪರ್ ಮತ್ತು ಖಾಸಗಿ ಸ್ಲೀಪರ್ ಇದಕ್ಕೆ ಹತ್ತಿರದ ಜೋಡಿ. ಅವನ್ನು ಒಂದು ಗೂಡಿನಲ್ಲಿ ಇಟ್ಟು ನೆಸ್ಟೆಡ್ ಲಾಜಿಟ್ ಓಡಿಸಿ.

ಗೂಡಿನ ನಿಯತಾಂಕ (ಅದರೊಳಗಿನ ಸಾಧನಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂದು ಹೇಳುವ ಸಂಖ್ಯೆ) ಅಪೊಲೊದಲ್ಲಿ 0 ಮತ್ತು 1ರ ನಡುವೆ ಬರಬೇಕು. ಬಯೋಜೀಮ್ ಅದರ ವಿಲೋಮವನ್ನು ತೋರಿಸುತ್ತದೆ, ಅಲ್ಲಿ 1ಕ್ಕಿಂತ ಹೆಚ್ಚು ಬಂದರೆ ಸರಿ. ಈ ವ್ಯತ್ಯಾಸ ತಿಳಿಯದೆ ಸರಿಯಾದ ಮಾದರಿಯನ್ನು ಎಸೆದವರೂ ಇದ್ದಾರೆ. ಮಿತಿಯ ಹೊರಗೆ ಬಂದರೆ ಗುಂಪು ತಪ್ಪು. ಸರಿಯಾಗಿ 1 ಬಂದರೆ ಸರಳ ಲಾಜಿಟ್ ಸಾಕು.

## ಹಂತ 9: ಹೊಂದಿಕೆಯಾಯಿತು ಎಂದು ನಂಬುವ ಮುನ್ನ

"ಮಾದರಿ ಹೇಳಿದ ಪಾಲು ಸ್ಯಾಂಪಲ್‌ನ ಪಾಲಿಗೆ ಚಾಚೂ ತಪ್ಪದೆ ಹೊಂದುತ್ತದೆ" ಎಂದು ವರದಿಗಳು ಹೇಳುತ್ತವೆ. ಆಧಾರ ಸಾಧನದ್ದು ಬಿಟ್ಟು ಉಳಿದ ಎಲ್ಲ ಸ್ಥಿರಾಂಕಗಳೂ ಇರುವ ಸರಳ ಲಾಜಿಟ್‌ನಲ್ಲಿ ಅದು ಯಾವಾಗಲೂ ಹೊಂದುತ್ತದೆ. ಅಂದಾಜಿನ ಗಣಿತವೇ ಹಾಗಿದೆ. ಅದರಿಂದ ಏನೂ ರುಜುವಾಗದು. ಉಪಗುಂಪುಗಳಲ್ಲಿ ನೋಡಿ: ಹಳ್ಳಿಗಳಿಂದ ಬಂದವರು, ಆಸ್ಪತ್ರೆಗೆ ಹೊರಟವರು, ಗಡಿ ದಾಟಿದ ಮಹಿಳೆಯರು. ಒಂದು ಊರುಜೋಡಿಯನ್ನು ಪೂರ್ತಿ ಪಕ್ಕಕ್ಕಿಟ್ಟು, ಉಳಿದವುಗಳಿಂದ ಕಟ್ಟಿದ ಮಾದರಿ ಅದರ ಬಗ್ಗೆ ಏನು ಹೇಳುತ್ತದೆ ಎಂದು ನೋಡುವುದು ಇನ್ನೂ ಕಠಿಣ ಪರೀಕ್ಷೆ.

## ಹಂತ 10: ಮುನ್ಸೂಚನೆ

ಈಗಾಗಲೇ ಇರುವ ಸೇವೆ ಸುಧಾರಿಸಿದಾಗ ಇಂದಿನ ನಿಜವಾದ ಪಾಲಿನಿಂದಲೇ ಆರಂಭಿಸಿ. ಬಸ್ 60, ರೈಲು 25, ಕಾರು 15 ಇರುವ ಮಾರ್ಗದಲ್ಲಿ ರೈಲು 60 ನಿಮಿಷ ಬೇಗ ತಲುಪುವಂತಾದರೆ, ಏಳನೆಯ ಹಂತದ ಗುಣಾಂಕದಂತೆ (ನಿಮಿಷಕ್ಕೆ ಋಣ 0.012) ಅದರ ತುಷ್ಟಿಗುಣ 0.72 ಏರುತ್ತದೆ. ಅದರ ಎಕ್ಸ್‌ಪೊನೆನ್ಶಿಯಲ್ 2.054. ರೈಲಿನ 25 ಈಗ 51.4 ಆಗುತ್ತದೆ, ಮೊತ್ತ 126.4. ಹೊಸ ಪಾಲು ರೈಲಿಗೆ 40.6, ಬಸ್ಸಿಗೆ 47.5, ಕಾರಿಗೆ 11.9 ಶೇಕಡಾ. ರೈಲು ಬಂದಿತೆಂದೇ ಹೊಸದಾಗಿ ಪ್ರಯಾಣ ಮಾಡುವವರು ಈ ಲೆಕ್ಕದಲ್ಲಿಲ್ಲ. ಅವರಿಗೆ ಬೇರೆ ಮಾದರಿ ಬೇಕು.

ಸಾಧನವೇ ಹೊಸದಾದಾಗ ಕಷ್ಟ ಹೆಚ್ಚು. ಗಿಣಿಗೇರಾ–ಮಹಬೂಬ್‌ನಗರ ಮಾರ್ಗದಲ್ಲಿ ರೈಲು 2024ರಲ್ಲಿ ಸಿಂಧನೂರಿಗೆ ಬಂದಿತು. ಸಿಂಧನೂರಿನಿಂದ ರಾಯಚೂರಿನ ಕಡೆಗೆ ಮುಂದೆ ಓಡಬೇಕಾದ ರೈಲಿನ ಸ್ಥಿರಾಂಕವನ್ನು ಆ ಭಾಗದ ಇಂದಿನ ಅಂಕಿಗಳಿಂದ ಕಲಿಯಲಾಗದು. ಎರಡು ದಾರಿಗಳಿವೆ. ಒಂದು, ರೈಲೂ ಬಸ್ಸೂ ಇರುವ ಕೊಪ್ಪಳ–ಹುಬ್ಬಳ್ಳಿಯಂತಹ ಮಾರ್ಗದಿಂದ ಸ್ಥಿರಾಂಕ ತರುವುದು. ಇನ್ನೊಂದು, ಸಿಂಧನೂರು, ಮಾನ್ವಿಯ ಪ್ರಯಾಣಿಕರಿಗೆ ದರ, ಸಮಯ, ದಿನಕ್ಕೆಷ್ಟು ರೈಲು ಎಂಬುದನ್ನು ಬದಲಿಸಿ ಬದಲಿಸಿ ಕಾರ್ಡುಗಳಲ್ಲಿ ತೋರಿಸಿ ಯಾವುದನ್ನು ಆರಿಸುವಿರಿ ಎಂದು ಕೇಳುವುದು. ಓದಲು ಬಾರದವರಿಗೆ ಚಿತ್ರವಿರುವ ಕಾರ್ಡು ಮಾಡಿ. ಕಾರ್ಡು ನೋಡಿ "ರೈಲೇ" ಎಂದವರೆಲ್ಲ ನಾಳೆ ರೈಲು ಹತ್ತುವುದಿಲ್ಲ. ಆದ್ದರಿಂದ ಕಾರ್ಡಿನ ಉತ್ತರಗಳನ್ನು ನಿಜವಾದ ಪ್ರಯಾಣಗಳ ಅಂಕಿಗಳೊಂದಿಗೆ ಸೇರಿಸಿ, ಎರಡಕ್ಕೂ ಬೇರೆ ಬೇರೆ ಮಾಪಕ ನಿಯತಾಂಕ (ಎರಡು ಬಗೆಯ ಉತ್ತರಗಳ ಏರುಪೇರನ್ನು ಸರಿದೂಗಿಸುವ ಸಂಖ್ಯೆ) ಕೊಟ್ಟು ಒಟ್ಟಿಗೆ ಅಂದಾಜಿಸಿ.

ಕಾರ್ಡಿನಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ದರವನ್ನು ಮಹಿಳೆಯರಿಗೆ 0 ಎಂದೇ ತೋರಿಸಿ. ಪುರುಷರಿಗೆಂದು ಮುದ್ರಿಸಿದ ಕಾರ್ಡುಗಳನ್ನು ಮಹಿಳೆಯರ ಕೈಗೆ ಕೊಡಬೇಡಿ. ಮುನ್ಸೂಚನೆಯನ್ನು ಎರಡು ಸ್ಥಿರಾಂಕಗಳಿಂದಲೂ, ಅಂದರೆ ಕೊಪ್ಪಳದಿಂದ ತಂದದ್ದರಿಂದಲೂ ಕಾರ್ಡುಗಳಿಂದ ಬಂದದ್ದರಿಂದಲೂ ಓಡಿಸಿ, ಎರಡೂ ಅಂಕಿಗಳನ್ನು ವರದಿಯ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಕೊಡಿ.